ಖಾಲಿ ಕೊಡಬಾರದ ಡಬ್ಬಿ

ನಮ್ಮ ದೋಸೆ ಹಿಟ್ಟಿನ ಸ್ಟೀಲ್ ಡಬ್ಬಿಗಳು ಗಿರಾಕಿಗಳ ಮನೆಯಿಂದ ಹಿಂದೆ ಬರುವುದು ಯಾವಾಗ ಕಡಿಮೆಯಾಯಿತು ಎಂದು ಕೇಳಿದರೆ ಏಪ್ರಿಲಿನಲ್ಲಿ ಎನ್ನುತ್ತೇನೆ. ಆದರೆ ಡೈರಿ ತೆಗೆದು ನೋಡಿದರೆ ಫೆಬ್ರವರಿಯಲ್ಲೇ ಒಂದು ಸಾಲು ಇದೆ: ‘ಇಂದೂ ಡಬ್ಬಿ ಕಡಿಮೆ. ಕಾಕನನ್ನು ಕೇಳಬೇಕು.’ ಕೇಳಿದೆನೋ ಇಲ್ಲವೋ ಬರೆದಿಲ್ಲ. ಮರುದಿನದ ಪುಟದಲ್ಲಿ ಗ್ರೈಂಡರಿನ ಬೆಲ್ಟ್ ಹರಿದದ್ದಕ್ಕೆ ಅರ್ಧ ಪುಟ ಬೈದಿದ್ದೇನೆ.

ಕಾಕ ಎಂದರೆ ನಮ್ಮ ಬ್ಯಾಟರಿ ಆಟೋ ಓಡಿಸುವವರು. ಗಲ್ಫಿನಲ್ಲಿ ಬಹಳ ವರ್ಷ ರೊಟ್ಟಿ ಕಾರ್ಖಾನೆಯೊಂದರ ವ್ಯಾನು ಓಡಿಸಿ ಊರಿಗೆ ಮರಳಿದವರು. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾರೆ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಬರೆಯುತ್ತಿರುವುದು ಕನ್ನಡದಲ್ಲಿ. ಅವರ ಮಾತೆಂದು ನಾನು ಬರೆದದ್ದನ್ನು ಅವರು ಓದಿದರೆ ‘ನಾನು ಹೀಗೆ ಹೇಳಲೇ ಇಲ್ಲ’ ಎನ್ನಲೂಬಹುದು.

ಬಂಟ್ವಾಳದ ಹಳೆಯ ಅಕ್ಕಿ ಗೋದಾಮೊಂದರಲ್ಲಿ ಹಿಟ್ಟು ರುಬ್ಬುತ್ತೇವೆ. ಸಂಜೆ ರುಬ್ಬಿದ್ದನ್ನು ಬೆಳಿಗ್ಗೆ ಕಾಕ ಒಂದು ದಿನ ಮಡಂತ್ಯಾರಿನ ದಾರಿಯಲ್ಲಿ ಬೆಳ್ತಂಗಡಿಗೆ, ಮರುದಿನ ಸಿದ್ದಕಟ್ಟೆಯ ದಾರಿಯಲ್ಲಿ ಮೂಡುಬಿದಿರೆಗೆ ಕೊಂಡೊಯ್ದು ಮನೆಮನೆಗೆ ಕೊಡುತ್ತಾರೆ. ನಮ್ಮಲ್ಲಿ ಪ್ಲಾಸ್ಟಿಕ್ ಕವರ್ ಇಲ್ಲ. ತುಂಬಿದ ಡಬ್ಬಿ ಕೊಡುವುದು, ಹಿಂದಿನ ಸಲದ ಡಬ್ಬಿ ತರುವುದು. ಇಷ್ಟು ಸರಳವಾದದ್ದು ಕೆಡಲು ಸಾಧ್ಯವೇ ಇಲ್ಲ ಎಂದು ನಾನು ಭಾವಿಸಿದ್ದೆ. ಎಂ.ಕಾಂ. ಓದಿದವರಿಗೆ ಈ ಭ್ರಮೆ ಸುಲಭವಾಗಿ ಹುಟ್ಟುತ್ತದೆ.

ಪ್ಲಾಸ್ಟಿಕ್ ಏಕೆ ಬೇಡ ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಕತೆಯೊಂದಿದೆ. ಮೊದಲ ವರ್ಷ ನಾವೂ ಕವರಿನಲ್ಲೇ ಮಾರುತ್ತಿದ್ದೆವು. ಆ ಮಳೆಗಾಲ ಕಳೆದ ಮೇಲೆ ಪೊಳಲಿಗೆ ಹೋದಾಗ, ಫಲ್ಗುಣಿಯ ದಡದಲ್ಲಿ ನೆರೆ ಇಳಿದ ಮರದ ಕೊಂಬೆಯಲ್ಲಿ ನಮ್ಮದೇ ಲೇಬಲ್ಲಿನ ಹಿಟ್ಟಿನ ಕವರ್ ನೇತಾಡುತ್ತಿತ್ತು. ಕೇಳಿದವರು ತಲೆದೂಗುತ್ತಾರೆ. ಆದರೆ ಅದು ನಮ್ಮದೇ ಲೇಬಲ್ ಆಗಿತ್ತೇ? ಹಸಿರು ಬಣ್ಣ ಕಂಡದ್ದು ನಿಜ. ಹತ್ತಿರ ಹೋಗಿ ಓದಿದ ನೆನಪು ಇಲ್ಲ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟು: ‘ಪೊಳಲಿಗೆ ಹೋಗಿ ಬಂದೆವು. ವಿಪರೀತ ಬಿಸಿಲು. ಹೊಳೆ ಬದಿ ಗಲೀಜು.’ ಲೇಬಲ್ ಎಲ್ಲಿಂದ ಬಂತೋ, ಹೇಳಿ ಹೇಳಿ ಈಗ ಅಕ್ಷರ ಕೂಡ ಕಾಣುತ್ತದೆ. ಕವರ್ ಬಿಟ್ಟದ್ದು ಮಾತ್ರ ಸುಳ್ಳಲ್ಲ.

ಮೇ ಮೊದಲ ವಾರಕ್ಕೆ ಗೋದಾಮಿನ ಡಬ್ಬಿಯ ಕಪಾಟು ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಹೀಗೇ ಹೋದರೆ ಜೂನಿನಲ್ಲಿ ಹಿಟ್ಟು ಇರುತ್ತದೆ, ಗಾಡಿ ಇರುತ್ತದೆ, ಹಾಕಲು ಪಾತ್ರೆ ಇರುವುದಿಲ್ಲ. ಆಗ ಮನೆ ಬಾಗಿಲಿಗೆ ಕೊಡುವುದನ್ನು ನಿಲ್ಲಿಸಬೇಕು, ಇಲ್ಲವೇ ಕವರಿಗೆ ಮರಳಬೇಕು. ಅಷ್ಟರಲ್ಲಿ ಮಂಗಳೂರಿನಿಂದ ಪ್ಯಾಕಿಂಗ್ ಮೆಷಿನ್ ಮಾರುವವನೊಬ್ಬ ನನ್ನ ಕಷ್ಟದ ವಾಸನೆ ಹಿಡಿದು ಬಂದ. ತಿಂಗಳ ಕೊನೆಯವರೆಗೆ ಟ್ರಯಲ್ ನೋಡಿ ಎಂದು ಒಂದು ಮೆಷಿನನ್ನು ಗೋದಾಮಿನ ಮೂಲೆಯಲ್ಲಿ ಇಟ್ಟುಹೋದ.

“ಮೇಡಮ್, ಜನ ತಿನ್ನುವುದು ಹಿಟ್ಟು. ಕವರನ್ನು ಯಾರು ನೋಡ್ತಾರೆ?” ಎಂದ.

“ನಾನು ನೋಡ್ತೇನಲ್ಲ,” ಎಂದೆ.

“ನೀವು ಒಬ್ರು ನೋಡಿದ್ರೆ ಬಿಸಿನೆಸ್ ಆಗ್ತದಾ?”

ಮೆಷಿನಿನ ಮೇಲೆ ಒಂದು ಗೋಣಿ ಹೊದಿಸಿದೆ.

ನಾನು ಮೊದಲು ಮಾಡಿದ ಕೆಲಸ ಎಲ್ಲ ಗಿರಾಕಿಗಳಿಗೂ ವಾಟ್ಸಾಪಿನಲ್ಲಿ ಸಂದೇಶ ಕಳುಹಿಸಿದ್ದು: ‘ದಯವಿಟ್ಟು ತಮ್ಮಲ್ಲಿರುವ ಖಾಲಿ ಡಬ್ಬಿಗಳನ್ನು ಕೂಡಲೇ ಹಿಂದಿರುಗಿಸಿ.’ ಎಲ್ಲರೂ ಓದಿದರು. ನೀಲಿ ಟಿಕ್ಕುಗಳು ಬಂದವು. ಒಬ್ಬರೂ ಉತ್ತರಿಸಲಿಲ್ಲ. ಮರುದಿನ ಬಂದ ಡಬ್ಬಿಗಳು ಮೊದಲಿಗಿಂತ ಕಡಿಮೆ. ಹಳೆಯದು ಕೊಟ್ಟರೆ ಮಾತ್ರ ಹೊಸದು ಎಂದು ಒಂದು ವಾರ ಬಿಗಿ ಮಾಡಿದೆ. ‘ಹಾಗಾದ್ರೆ ಇವತ್ತು ಬೇಡ’ ಎಂದು ನಗುತ್ತಲೇ ಒಳಗೆ ಹೋದವರು ಎಷ್ಟೋ ಮಂದಿ. ಬಳಿಕ ಡಬ್ಬಿಗೆ ಠೇವಣಿ ಎಂದೆ. ಅದು ಅತ್ಯಂತ ದೊಡ್ಡ ಮೂರ್ಖತನ. ಠೇವಣಿ ಕೊಟ್ಟವರು ಡಬ್ಬಿಯನ್ನು ಕೊಂಡೆವು ಎಂದೇ ತಿಳಿದರು. ವೇಣೂರು ಕಡೆಯ ಒಂದು ಮನೆಯಲ್ಲಿ ಅದರೊಳಗೆ ಒಣಮೀನು ತುಂಬಿಟ್ಟದ್ದನ್ನು ಕಾಕ ಕಣ್ಣಾರೆ ಕಂಡು ಬಂದರು.

“ಒಳ್ಳೆ ಡಬ್ಬಿ ಅಕ್ಕ. ಮುಚ್ಚಳ ಟೈಟ್ ಉಂಟು, ವಾಸನೆ ಹೊರಗೆ ಬರುವುದಿಲ್ಲ ಅಂತ ಹೊಗಳಿದ್ರು.”

“ನಗಬೇಡಿ ಕಾಕ.”

“ನಾನೆಲ್ಲಿ ನಗ್ತೇನೆ? ಅವರು ಹೇಳಿದ್ದು ಹೇಳಿದೆ.”

ಮೂಡುಬಿದಿರೆಯ ಎರಡು ಫ್ಲ್ಯಾಟ್ ಕಟ್ಟಡಗಳಲ್ಲಿ ಇರುವವರು, ಹೆಚ್ಚಿನವರು ಹೊರಗಿನ ಊರುಗಳಿಂದ ಬಂದು ಕಾಲೇಜುಗಳಲ್ಲಿ ಪಾಠ ಮಾಡುವವರು, ಡಬ್ಬಿಯನ್ನು ಸರಿಯಾದ ದಿನಕ್ಕೆ ಚೀಲದಲ್ಲಿ ಹಾಕಿ ಗೇಟಿಗೆ ನೇತುಹಾಕುತ್ತಿದ್ದರು. ಕೆಲವರು ತೊಳೆಯುತ್ತಲೂ ಇರಲಿಲ್ಲ. ಆ ದಿನಗಳಲ್ಲಿ ಅವರಷ್ಟು ಸಭ್ಯರು ಲೋಕದಲ್ಲಿ ಯಾರೂ ಇಲ್ಲ ಎಂದು ನನಗೆ ಅನ್ನಿಸಿತ್ತು. ನಮ್ಮೂರಿನವರ ಬಗ್ಗೆ ಡೈರಿಯಲ್ಲಿ ಬರೆದದ್ದನ್ನು ಇಲ್ಲಿ ಪೂರ್ತಿ ನಕಲು ಮಾಡಲು ನಾಚಿಕೆಯಾಗುತ್ತದೆ. ‘ಇವರಿಗೆ ಪ್ರಾಮಾಣಿಕತೆ ಕಲಿಸಬೇಕಾದರೆ ಇನ್ನೊಂದು ತಲೆಮಾರು ಬೇಕು’ ಎಂಬುದು ಅದರಲ್ಲಿ ಮೆತ್ತಗಿನ ವಾಕ್ಯ.

ಕೊನೆಗೆ ನಾನೇ ಹೋಗಿ ವಸೂಲು ಮಾಡುತ್ತೇನೆಂದು ಒಂದು ಬೆಳಿಗ್ಗೆ ಕಾಕನ ಪಕ್ಕದಲ್ಲಿ ಕುಳಿತು ಬೆಳ್ತಂಗಡಿಗೆ ಹೊರಟೆ. ಅದರ ಪಕ್ಕದ ಲಾಯಿಲದಲ್ಲಿ ನಿವೃತ್ತ ಟೀಚರೊಬ್ಬರ ಮನೆ ಇದೆ. ನಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಡಬ್ಬಿ ಬಾಕಿ ಇದ್ದದ್ದು ಅವರದು. ದಾರಿಯಲ್ಲಿ ನಾನು ಏನೇನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಕಾಕ ಒಮ್ಮೆ ನನ್ನ ಮುಖ ನೋಡಿ, “ಸ್ವಲ್ಪ ನಿಧಾನ ಮಾತಾಡುವ ಅಕ್ಕ. ಅವರು ಟೀಚರ್,” ಎಂದರು.

ಟೀಚರ್ ಬಾಗಿಲಲ್ಲೇ ನನ್ನ ಮುಖ ಓದಿಬಿಟ್ಟರು ಎಂದು ಕಾಣುತ್ತದೆ. “ಡಬ್ಬಿಗೆ ಬಂದದ್ದಲ್ವಾ? ಒಳಗೆ ಬಾ,” ಎಂದು ಅಡುಗೆಮನೆಗೆ ಕರೆದೊಯ್ದರು. ಕಿಟಕಿಯ ಕೆಳಗಿನ ಹಲಗೆಯ ಮೇಲೆ ನಮ್ಮ ಹನ್ನೊಂದು ಡಬ್ಬಿಗಳು, ತಿಕ್ಕಿ ಬೆಳಗಿ, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದ್ದವು. ನಮ್ಮ ಗೋದಾಮಿನಲ್ಲಿ ಅವು ಎಂದೂ ಅಷ್ಟು ಹೊಳೆದದ್ದಿಲ್ಲ.

“ಇಲ್ಲೇ ಉಂಟಲ್ಲ ಟೀಚರ್. ಕೊಡಬಹುದಿತ್ತಲ್ಲ?”

“ಹೇಗೆ ಕೊಡುವುದು ಮಾರಾಯ್ತಿ? ಖಾಲಿ ಕೊಡ್ಲಿಕ್ಕೆ ಆಗ್ತದಾ?”

ನಾನು ಒಂದು ಡಬ್ಬಿ ಎತ್ತಿ ಒಳಗೆ ನೋಡಿದೆ.

“ಹಲಸಿನ ಬೀಜ ಬೇಯಿಸಿ ಉಪ್ಪು ಹಾಕಿ ಒಣಗಿಸ್ಲಿಕ್ಕೆ ಇಟ್ಟಿದ್ದೆ. ಸಾಂತಾಣಿ ಆದ ಮೇಲೆ ಎಲ್ಲದರಲ್ಲೂ ಒಂದೊಂದು ಮುಷ್ಟಿ ಹಾಕಿ ಕೊಡುವ ಅಂತ. ಈ ಸಲ ಮಳೆ ಬೇಗ ಬಂತು, ಒಣಗಲೇ ಇಲ್ಲ. ಅಷ್ಟರಲ್ಲಿ ನಿನ್ನದೊಂದು ಮೆಸೇಜು, ಖಾಲಿ ಡಬ್ಬಿ ಕೊಡಿ ಅಂತ. ನನಗೆ ಬೇಜಾರಾಯ್ತು. ನಾವೇನು ಖಾಲಿ ಪಾತ್ರೆ ಕೊಡುವವರಾ?”

“ಆದರೆ ನೀವು ಹಿಟ್ಟಿಗೆ ದುಡ್ಡು ಕೊಡ್ತೀರಲ್ಲ?”

“ಅದು ಹಿಟ್ಟಿಗೆ. ಪಾತ್ರೆಗೆ ಅಲ್ವಲ್ಲ.” ಕವರಿನಲ್ಲಿ ಕೊಡುತ್ತಿದ್ದಾಗ ಈ ತೊಂದರೆ ಇರಲಿಲ್ಲವಲ್ಲ ಎಂದು ನಾನು ಅಂದದ್ದಕ್ಕೆ, “ಕವರಿಗೆಂತ ಮರ್ಯಾದೆ? ಬಿಸಾಡುವುದಲ್ವಾ,” ಎಂದು ಗ್ಯಾಸ್ ಹಚ್ಚಿ ಚಹಾಕ್ಕೆ ನೀರಿಟ್ಟರು.

ನಾನೂ ಇದೇ ಮಣ್ಣಿನವಳು. ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆಯನ್ನು ನನ್ನ ಅಮ್ಮ ಖಾಲಿಯಾಗಿ ಹಿಂದೆ ಕಳುಹಿಸಿದ್ದನ್ನು ನೋಡಿಲ್ಲ. ಏನೂ ಇಲ್ಲದ ದಿನ ಎರಡು ಚಮಚ ಸಕ್ಕರೆ ಹಾಕುತ್ತಿದ್ದರು. ಅದೂ ಸರಿಯಲ್ಲ ಅನ್ನಿಸಿದರೆ ಪಾತ್ರೆ ವಾರಗಟ್ಟಲೆ ನಮ್ಮ ಮನೆಯಲ್ಲೇ ಉಳಿಯುತ್ತಿತ್ತು. ಇದೆಲ್ಲ ಗೊತ್ತಿದ್ದೂ ಡಬ್ಬಿಗಳನ್ನು ಕೊಳ್ಳುವಾಗ ನನಗೆ ಹೊಳೆಯಲಿಲ್ಲ. ನನ್ನ ಮಟ್ಟಿಗೆ ಅದು ಪ್ಯಾಕಿಂಗ್ ಸಾಮಾನು. ಸ್ಟೀಲಿನದು, ಮುಚ್ಚಳ ಇರುವಂಥದ್ದು ಮನೆ ಹೊಕ್ಕರೆ ಅದು ಪಾತ್ರೆಯಾಗುತ್ತದೆ, ನೆಂಟಸ್ತಿಕೆ ಶುರುವಾಗುತ್ತದೆ ಎಂದು ಯಾವ ಪ್ರೊಫೆಸರೂ ಹೇಳಿರಲಿಲ್ಲ.

ಹಿಂದೆ ಬರುವಾಗ ಕಾಕನಿಗೆ ಹೇಳಿದೆ, ವಿಷಯ ಹೀಗೆಂದು ಇವತ್ತು ಗೊತ್ತಾಯಿತು ಎಂದು.

“ನಾನು ಮೊದಲೇ ಹೇಳಿದ್ದೆ ಅಕ್ಕ.”

“ನೀವು ಹೇಳಲೇ ಇಲ್ಲ.”

“ಹೇಳಿದ್ದೆ. ನೀವು ಬೈದ್ರಿ.”

ಇಲ್ಲ ಎಂದು ವಾದಿಸಿದೆ. ಮನೆಗೆ ಬಂದು ಡೈರಿ ತೆಗೆದೆ. ಮಾರ್ಚಿನ ಒಂದು ಪುಟದಲ್ಲಿ ನನ್ನದೇ ಕೈಬರಹ: ‘ಜಿಪಿಎಸ್ ನೋಡಿದರೆ ಸಿದ್ದಕಟ್ಟೆಯ ಒಂದೇ ಮನೆಯಲ್ಲಿ ಗಾಡಿ ಒಂಬತ್ತು ನಿಮಿಷ ನಿಂತಿದೆ. ಕೇಳಿದರೆ ಮನೆಯವರು ಡಬ್ಬಿಗೆ ಹಾಕಲು ಬಸಳೆ ಕೊಯ್ಯಲು ಹೋಗಿದ್ದರಂತೆ, ಕಾದೆ ಎನ್ನುತ್ತಾರೆ ಕಾಕ. ಬಸಳೆಯ ನೆಪ. ಇನ್ನು ಮುಂದೆ ಯಾರಿಗೂ ಕಾಯಬೇಡಿ ಎಂದೆ.’ ಡಬ್ಬಿ ಕೊಡುತ್ತಿದ್ದವರೂ ಕೊಡದಂತೆ ಮಾಡಿದ್ದು ನಾನೇ. ಬಾಗಿಲಲ್ಲಿ ಕಾಯದೆ ಹೊರಡುವವನ ಕೈಗೆ ಯಾರು ತುಂಬಿ ಕೊಡುತ್ತಾರೆ? ಲಾಯಿಲದಲ್ಲಿ ನನಗೆ ಜ್ಞಾನೋದಯವಾಯಿತು ಎಂದು ಬರೆಯಲು ಪೆನ್ನು ಎತ್ತಿಕೊಂಡಿದ್ದೆ. ಅದನ್ನು ಬದಿಗಿಟ್ಟೆ.

ವಿಷಯ ತಿಳಿದರೆ ಪರಿಹಾರ ಸಿಕ್ಕಿತು ಎಂದಲ್ಲ. ‘ಡಬ್ಬಿಯಲ್ಲಿ ಏನೂ ಹಾಕಬೇಡಿ, ನಮಗೇನೂ ಬೇಸರವಿಲ್ಲ’ ಎಂದು ಇನ್ನೊಂದು ಸಂದೇಶ ಕಳುಹಿಸಿದೆ. ಈ ಸಲ ಉತ್ತರಗಳು ಬಂದವು. ‘ನಾವು ಕೊಟ್ಟದ್ದು ನಿಮಗೆ ಆಗುವುದಿಲ್ವಾ?’ ಎಂದು ಮಡಂತ್ಯಾರಿನ ಒಬ್ಬರು ಕೇಳಿದರು. ಇನ್ನೊಬ್ಬರು ಕೈಮುಗಿಯುವ ಚಿತ್ರವನ್ನಷ್ಟೇ ಕಳುಹಿಸಿ ಹಿಟ್ಟು ನಿಲ್ಲಿಸಿದರು. ಕಾಕನಿಗೆ ಕಾಯಲು ಹೇಳಿದೆ. ಡಬ್ಬಿಗಳು ನಿಂಬೆಹಣ್ಣು, ಹಪ್ಪಳ, ಕರಿಬೇವು, ಒಮ್ಮೆ ಒಂದು ಮರಿ ಹಾಗಲಕಾಯಿ ಸಹಿತ ಬರತೊಡಗಿದವು. ಆದರೆ ಕೊನೆಯ ಮನೆಗಳನ್ನು ಮುಟ್ಟುವಾಗ ಹತ್ತು ಗಂಟೆ, ಹಿಟ್ಟು ಸೆಕೆಗೆ ಹುಳಿ. ಹುಳಿ ಹಿಟ್ಟು ಬಂತೆಂದು ಫೋನು ನನಗೆ. ಯಾವ ಕಡೆ ತಿರುಗಿದರೂ ಯಾರದೋ ಮರ್ಯಾದೆ ಕಾಲಿಗೆ ತೊಡರುತ್ತಿತ್ತು.

ನಮ್ಮ ಪಾತ್ರೆ ಅವರ ಮನೆಯೊಳಗೆ ಹೋಗಲೇಬಾರದು ಎಂಬ ದಾರಿಯೊಂದೇ ಉಳಿಯಿತು. ಹಾಲಿನವರು ಮೊದಲು ಮಾಡುತ್ತಿದ್ದ ಹಾಗೆ, ದೊಡ್ಡ ಕ್ಯಾನಿನಲ್ಲಿ ಹಿಟ್ಟು ಒಯ್ದು ಅವರವರ ಪಾತ್ರೆಗೆ ಅಳೆದು ಸುರಿಯುವುದು. ಫ್ಲ್ಯಾಟುಗಳಿಗೆ ಮಾತ್ರ ಡಬ್ಬಿ ಇರಲಿ. ಕಾಕ ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಅಳೆದು ಕೊಡ್ಲಿಕ್ಕೆ ಇಬ್ರು ಬೇಕು. ಮತ್ತೆ ಲಾಯಿಲದ ಆಚೆ ಧರ್ಮಸ್ಥಳದ ರಸ್ತೆಗೆ ಹೋಗ್ಲಿಕ್ಕೆ ಆಗುವುದಿಲ್ಲ, ಟೈಮ್ ಸಿಗುವುದಿಲ್ಲ,” ಎಂದರು. ಆ ರಸ್ತೆಯ ಒಂದು ಅಂಗಡಿಯವರು ಅದೇ ವಾರ ಫೋನು ಮಾಡಿ, ಕವರಿನಲ್ಲಿ ಕೊಟ್ಟರೆ ದಿನಾ ಎಷ್ಟು ಬೇಕಾದರೂ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಮೂರು ವರ್ಷ ಬೆಳೆಸಿದ ದಾರಿಯನ್ನು ನಾನೇ ಕತ್ತರಿಸಬೇಕು. ಇದು ನಂಬಿಕೆಯೋ ಬರಿಯ ಹಠವೋ ಎಂದು ಎರಡು ದಿನ ನನ್ನನ್ನೇ ಕೇಳಿಕೊಂಡೆ. ಬೇರೆಯವರು ಮಾಡಿದ್ದರೆ ಹಠ ಎನ್ನುತ್ತಿದ್ದೆನೇನೋ.

ತಿಂಗಳ ಕೊನೆಗೆ ಮೆಷಿನಿನವನು ಬಂದ. ಗೋಣಿ ತೆಗೆದು ನೋಡಿ, “ಒಂದು ಸಲವೂ ಆನ್ ಮಾಡ್ಲಿಲ್ವಾ ಮೇಡಮ್?” ಎಂದ.

“ಇಲ್ಲ. ಕೊಂಡುಹೋಗಿ.”

“ಮಳೆಗಾಲ ಕಳೀಲಿ. ನೀವೇ ಫೋನ್ ಮಾಡ್ತೀರಿ.”

ಮಾಡುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಹೇಳಿದೆ ಎಂದು ಕಾಕ ಎಲ್ಲರಿಗೂ ಹೇಳುತ್ತಾರೆ. ನನಗೆ ನೆನಪಿರುವುದು, ಮೆಷಿನನ್ನು ಅವನ ಗಾಡಿಗೆ ಏರಿಸಲು ನಾನೂ ಒಂದು ಬದಿ ಹಿಡಿದದ್ದು, ಅದು ತುಂಬ ಭಾರವಿದ್ದದ್ದು.

ಜೂನಿನ ಮೊದಲ ಸೋಮವಾರ ಅಳೆಯುವ ಸೌಟು ಹಿಡಿದುಕೊಂಡು ನಾನೇ ಕಾಕನ ಜೊತೆ ಹೊರಟೆ. ಸಿದ್ದಕಟ್ಟೆಯ ಮೊದಲ ಮನೆಯವರು ತಪ್ಪಲೆ ಹಿಡಿದು ಗೇಟಿಗೆ ಬಂದರು. ನಾನು ತುಂಬು ಸೌಟು ಎತ್ತಿ ಸುರಿದೆ. ಅವರು ಪಾತ್ರೆಯನ್ನು ಸ್ವಲ್ಪ ಅಲುಗಿಸಿ ನೋಡಿದರು.

“ಇದು ಉಬ್ಬಿದ್ದಲ್ವಾ ಅಕ್ಕ? ನೀವು ಗಾಳಿ ಅಳೆದು ಕೊಡುವುದಾ?”

ರಾತ್ರಿಯ ಸೆಕೆಗೆ ಹಿಟ್ಟು ಕ್ಯಾನಿನ ಬಾಯಿಯವರೆಗೆ ಉಬ್ಬಿ ಬಂದಿತ್ತು. ಅವರು ಹೇಳಿದ್ದು ಸರಿ. ಸೌಟಿನ ಕಾಲು ಭಾಗ ಗುಳ್ಳೆಯೇ. ಡಬ್ಬಿಯಲ್ಲಿ ಕೊಡುವಾಗ ಸಂಜೆ, ಉಬ್ಬುವ ಮೊದಲೇ ತೂಗಿ ತುಂಬುತ್ತಿದ್ದೆವು. ಈ ಪ್ರಶ್ನೆ ಬಂದಿರಲಿಲ್ಲ.

“ಮತ್ತೆಂತ ಮಾಡುವುದು?” ಎಂದೆ. ನನ್ನ ಸ್ವರದಲ್ಲಿ ಸಿಟ್ಟು ಇದ್ದಿರಬೇಕು. ಕಾಕ ಆಚೆ ನೋಡಿದರು.

“ಕಲಕಿ. ಉಬ್ಬು ಇಳೀಲಿ. ಮತ್ತೆ ಹಾಕಿ. ನನಗೇನೂ ಅರ್ಜೆಂಟಿಲ್ಲ.”

ನಾನು ಸೌಟನ್ನು ತಳದವರೆಗೆ ಇಳಿಸಿ ಕಲಕತೊಡಗಿದೆ. ಹಿಟ್ಟು ನಿಧಾನವಾಗಿ ಇಳಿಯುತ್ತಿತ್ತು. ಅವರು ತಪ್ಪಲೆ ಹಿಡಿದು ಅಲ್ಲೇ ನಿಂತಿದ್ದರು. ಎದುರಿನ ಮನೆಯಿಂದ ಇನ್ನಿಬ್ಬರು ಪಾತ್ರೆ ಹಿಡಿದುಕೊಂಡು ಬಂದು ಅವರ ಹಿಂದೆ ನಿಂತರು.