ಅಜ್ಜನ ಟೆನರ್, ಕಾಕಾನ ಟೆನರ್

ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ಕೊಡ ತಿಕ್ಕಿದ ಮೇಲೆ ಕೈಗೆ ಒಂದು ವಾಸನೆ ಅಂಟಿಕೊಳ್ಳುತ್ತದೆ. ಮೊದಲು ಹುಳಿ, ಅದರ ಬೆನ್ನಿಗೇ ಲೋಹದ ತಣ್ಣನೆಯ ಘಾಟು. ಎಷ್ಟು ಸೋಪು ಹಾಕಿ ತೊಳೆದರೂ ಊಟದ ಹೊತ್ತಿನವರೆಗೆ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಅಂಥ ಒಂದೇ ಕೊಡ. ಸ್ಟೀಲಿನ ಪಾತ್ರೆಗಳ ನಡುವೆ ಇದೊಂದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಸೊಸೆ ಕೇಳುತ್ತಾಳೆ. ತಿಕ್ಕಿ ಮುಗಿಸಿ ಒದ್ದೆ ಅಂಗೈಯನ್ನು ಮೂಗಿನ ಹತ್ತಿರ ಹಿಡಿದರೆ ಮಿರಜಿನ ನಮ್ಮ ಹಳೆಯ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಅಜ್ಜ ತನ್ನ ಟೆನರ್ ಸ್ಯಾಕ್ಸೋಫೋನು ಊದಿ ಕೆಳಗಿಟ್ಟು ನನ್ನ ಗಲ್ಲ ಹಿಡಿಯುತ್ತಿದ್ದಾಗ ಅವನ ಬೆರಳುಗಳಿಂದ ಬರುತ್ತಿದ್ದ ವಾಸನೆ ಇದೇ. ನೀವೂ ಬಾಲ್ಯದ ಮನೆಯೊಂದನ್ನು ಕಳೆದುಕೊಂಡವರಾಗಿದ್ದರೆ, ಮನೆ ಹೋದ ಮೇಲೂ ಅದರ ವಾಸನೆ ಎಲ್ಲೋ ಒಂದು ಕಡೆ ಕಾದುಕೊಂಡಿರುತ್ತದೆಂಬುದು ನಿಮಗೂ ಗೊತ್ತಿದ್ದೀತು.

ಆ ಮನೆ ತಂಬೂರಿ, ಸಿತಾರ ಮಾಡುವವರ ಓಣಿಯ ತುದಿಗಿತ್ತು. ಮಾಳಿಗೆಗಳ ಮೇಲೆಲ್ಲ ತಂಬೂರಿಯ ಬುರುಡೆಗಳು ಬಿಸಿಲು ಕಾಯುತ್ತ ಕೂತಿರುತ್ತಿದ್ದವು. ದಿನವಿಡೀ ಉಳಿ, ಅರ, ಎಲ್ಲೋ ಒಂದು ತಂತಿ ಬಿಗಿಯುವ ಸದ್ದು. ಅಜ್ಜ ಸಿದ್ದಪ್ಪ ಹುಡುಗನಾಗಿದ್ದಾಗ ಜಮಖಂಡಿಯ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದವನು. ಸಾಂಗಲಿಯ ಅರಿಷಿಣದ ಪೇಟೆಯಲ್ಲಿ ಚೀಲ ಹೊರುತ್ತಿದ್ದನಂತೆ. ಅವನ ಎದೆಯ ಅಗಲ ನೋಡಿ ಸಂಸ್ಥಾನದ ಬ್ಯಾಂಡಿನವರು ಕರೆದುಕೊಂಡು ಹೋಗಿ ಕೈಗೆ ಟೆನರ್ ಕೊಟ್ಟರು. ಆಮೇಲೆ ಸಂಸ್ಥಾನ ಹೋಯಿತು, ಬ್ಯಾಂಡು ಚದುರಿತು, ವಾದ್ಯ ಮಾತ್ರ ಅಜ್ಜನ ಜೊತೆ ಮನೆಗೆ ಬಂತು. ನಾನು ಹುಟ್ಟುವ ಹೊತ್ತಿಗೆ ಅವನು ಮದುವೆ ಬ್ಯಾಂಡಿನ ಹಿರಿಯ. ಅಪ್ಪ ರೈಲ್ವೆಯಲ್ಲಿ ಖಲಾಸಿ, ಸಂಗೀತದ ಗೊಡವೆ ಇಲ್ಲದವನು. ಅಪ್ಪನ ತಮ್ಮ ಮಾದು ಕಾಕಾ ಮಾತ್ರ ಅಜ್ಜನ ಹಿಂದೆ ಬ್ಯಾಂಡಿಗೆ ಹೋಗುತ್ತಿದ್ದ.

ಆ ಹಳೆಯ ಟೆನರ್ ಎಷ್ಟು ಹಳೆಯದೆಂದು ಅಜ್ಜನಿಗೂ ತಿಳಿದಿರಲಿಲ್ಲ. ಅದರ ಮೇಲೆ ಕೆತ್ತಿದ್ದ ಅಕ್ಷರಗಳು ಸವೆದು ಬರೀ ಗೀರುಗಳಾಗಿದ್ದವು. ಒಂದು ಕಾಲದ ಬೆಳ್ಳಿಯ ಲೇಪ ಮಳೆಗಾಲದ ಮೋಡದ ಬಣ್ಣಕ್ಕೆ ತಿರುಗಿತ್ತು. ಕೈ ತಾಗುವ ಕಡೆಯಲ್ಲೆಲ್ಲ ಹಿತ್ತಾಳೆ ಬತ್ತಲಾಗಿತ್ತು. ಒತ್ತಿ ನುಡಿಸುವ ಚಾವಿಗಳ ಮೇಲಿನ ಮುತ್ತಿನಚಿಪ್ಪಿನ ಗುಂಡಿಗಳು ಅಜ್ಜನ ಬೆರಳಿನ ತುದಿಗೆ ತಕ್ಕಂತೆ ತಗ್ಗಾಗಿದ್ದವು. ಎಡಗೈಯ ಕಿರುಬೆರಳಿಗೆ ಬರುವ ಚಾವಿಗಳಂತೂ ಹಳೆಯ ಬಾಗಿಲಿನ ಅಗಳಿಯ ಹಾಗೆ ಬಿಗಿ. ನಾನು ಎರಡೂ ಕೈ ಹಾಕಿ ಒತ್ತಿದರೆ ಅರ್ಧ ಕೂರುತ್ತಿದ್ದವು. ಅಜ್ಜ ಊದಲು ಕೂತನೆಂದರೆ ಮೊದಲು ಬರುತ್ತಿದ್ದುದು ದನಿಯಲ್ಲ, ಉಸಿರು. ಆಮೇಲೆ ಆ ಉಸಿರಿನ ಒಳಗಿಂದ ದನಿ ನಿಧಾನವಾಗಿ ಮೈ ತುಂಬಿಕೊಳ್ಳುತ್ತಿತ್ತು. ತೀರ ಕೆಳಗಿನ ಸ್ವರಕ್ಕೆ ಇಳಿದಾಗ ಪಕ್ಕದ ತಂಬಿಗೆಯಲ್ಲಿ ನೀರು ಕಂಪಿಸುತ್ತಿತ್ತು. ನನಗೆ ಆಗ ಎಷ್ಟು ಬೆರಗೆಂದರೆ, ಅಜ್ಜನ ಹೊಟ್ಟೆಯಲ್ಲಿ ಇನ್ನೊಬ್ಬ ದೊಡ್ಡ ಮನುಷ್ಯ ಇದ್ದಾನೆ, ಅವನು ಈ ಕೊಳವೆಯಿಂದ ಮಾತಾಡುತ್ತಾನೆ ಎಂದು ನಂಬಿದ್ದೆ.

ಎದುರು ಮನೆಯ ಮೆಹಬೂಬ ಚಾಚಾ ತಂಬೂರಿ ಮಾಡುವವನು. ತಂತಿಯ ಕೆಳಗೆ ಒಂದು ನೂಲೆಳೆ ಸರಿಸಿ, ಒಂದೇ ಸ್ವರದ ಒಳಗಿಂದ ಹತ್ತು ಸ್ವರ ಅರಳುವಂತೆ ಮಾಡುವುದು ಅವನ ಕೆಲಸ. ಅವರು ಅದನ್ನು ಜವಾರಿ ಎನ್ನುತ್ತಾರೆ. ಅಜ್ಜ ಊದುವಾಗ ಚಾಚಾ ಅರ ಕೆಳಗಿಟ್ಟು ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದ.

"ಸಿದ್ದಪ್ಪಾ, ತಾರ ಇಲ್ದನ ಜವಾರಿ ಹೆಂಗ ಕಟ್ಟೀಯೋ?"

ಅಜ್ಜ ನಗುತ್ತಿದ್ದ.

ಅಂಥ ಎದೆಯೂ ಸೋತಿತು. ಕವಲಾಪುರದ ಒಂದು ಮದುವೆಯಲ್ಲಿ, ಮದುಮಗನ ಮೆರವಣಿಗೆ ನಡೆದಿರುವಾಗಲೇ ಅಜ್ಜನ ಉಸಿರು ಸಿಕ್ಕಿಕೊಂಡಿತು. ಯಾರದೋ ಮನೆಯ ಕಟ್ಟೆ ಹಿಡಿದು ಕೂತವನು ವಾದ್ಯವನ್ನು ಕೊರಳಿನಿಂದ ಬಿಡಿಸಿ ಕಾಕಾನ ಕೊರಳಿಗೆ ಹಾಕಿದ. ಮರುವರ್ಷ ಮುಂದಿನ ಹಲ್ಲುಗಳೂ ಬಿದ್ದವು. ಅಲ್ಲಿಗೆ ಅವನ ಊದುವುದು ಮುಗಿಯಿತು. ಮುಂಜಾನೆ ಚಾವಿಗಳಿಗೆ ಎಣ್ಣೆ ಬಿಡುತ್ತಿದ್ದ, ಅವುಗಳ ಕೆಳಗೆ ತೂತು ಮುಚ್ಚುವ ಪ್ಯಾಡುಗಳ ಚರ್ಮ ಒರೆಸುತ್ತಿದ್ದ, ಕಾಕಾನ ಕೈಗೆ ಕೊಡುತ್ತಿದ್ದ, ಅಷ್ಟೇ. ಮಾತೂ ಕಡಿಮೆಯಾಯಿತು. ನನಗೆ ಊದದ ಅಜ್ಜ ಯಾರೋ ಪರಿಚಯದವನ ಹಾಗೆ ಕಾಣುತ್ತಿದ್ದ.

ಕಾಕಾನಿಗೋ ಆ ವಾದ್ಯದ ಮೇಲೆ ಪ್ರೀತಿಯಿರಲಿಲ್ಲ. ಸಿನಿಮಾ ಹಾಡುಗಳ ಓಟಕ್ಕೆ ಅದರ ಚಾವಿಗಳು ಏಳುತ್ತಿರಲಿಲ್ಲ, ಕಹಳೆಗಳ ನಡುವೆ ದನಿ ಮುಳುಗಿಹೋಗುತ್ತಿತ್ತು. ಮೇಲಿನ ಸ್ವರಗಳು ಒಂದೊಂದು ದಿನ ಒಂದೊಂದು ಕಡೆ ಇರುತ್ತಿದ್ದವು. ಕಿವಿಯಿಂದ ಹುಡುಕಿ ತುಟಿಯಿಂದ ಎಳೆದು ತರಬೇಕಿತ್ತು. ಮದುವೆ ಮುಗಿಸಿ ಬಂದು ಅವ್ವನ ಮುಂದೆ ಗೊಣಗುತ್ತಿದ್ದ.

"ಇದನ್ನ ಊದೂದಂದ್ರ ಮಲಗಿದ ಎಮ್ಮಿ ಎಬ್ಬಿಸಿದಂಗ ನೋಡ್ರಿ, ವೈನಿ."

ಆಗೆಲ್ಲ ನಮ್ಮ ಕಡೆ ಎಲ್ಲದಕ್ಕೂ ಒಂದು ಸೊಸೈಟಿ. ಕಬ್ಬಿಗೆ, ಹಾಲಿಗೆ, ನೂಲಿನ ಗಿರಣಿಗೆ, ಕೊನೆಗೆ ಬ್ಯಾಂಡಿನವರೂ ಸೇರಿ ತಮ್ಮದೊಂದು ಕಟ್ಟಿಕೊಂಡರು. ಅವರ ಸಭೆ ನಮ್ಮ ಕಟ್ಟೆಯ ಮೇಲೆಯೇ ನಡೆಯುತ್ತಿತ್ತು. ಅವ್ವ ಚಹಾ ಮಾಡಿ ಮಾಡಿ ಸುಸ್ತಾಗುತ್ತಿದ್ದಳು. ಕಾಕಾ ಅಲ್ಲಿ ಎರಡು ಮಳೆಗಾಲ ಹಟ ಹಿಡಿದು ಒಂದು ಹೊಸ ಟೆನರ್ ತರಿಸಲು ಎಲ್ಲರನ್ನೂ ಒಪ್ಪಿಸಿದ. ಅದು ಮುಂಬೈಯಿಂದ ರೈಲಿನಲ್ಲಿ ಬಂತು. ಅಪ್ಪ ಸ್ಟೇಶನ್ನಿನಿಂದ ಅದರ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಂದ.

ಕಟ್ಟೆಯ ಮೇಲೆ ಪೆಟ್ಟಿಗೆ ತೆರೆದಾಗ ಓಣಿಯ ಹೆಂಗಸರು ಹಿಟ್ಟಿನ ಕೈಯಲ್ಲೇ ಬಂದು ನಿಂತರು. ನೀಲಿ ಮಖಮಲ್ಲಿನ ಹಾಸಿಗೆಯಲ್ಲಿ ಅದು ಬಂಗಾರದ ಹಾಗೆ ಮಲಗಿತ್ತು. ಜಪಾನಿನದಂತೆ. ಎಲ್ಲೂ ಒಂದು ಗೀರಿಲ್ಲ. ಚಾವಿಯೊಂದನ್ನು ಮುಟ್ಟಿದರೆ ಸದ್ದಿಲ್ಲದೆ ಕೂತು ಸದ್ದಿಲ್ಲದೆ ಏಳುತ್ತಿತ್ತು, ಬೆಕ್ಕಿನ ಹೆಜ್ಜೆಯ ಹಾಗೆ. ಅವ್ವ ಅರಿಷಿಣ ಕುಂಕುಮ ಹಚ್ಚಿದಳು. ಕಾಕಾ ಎದ್ದು ನಿಂತು ಊದಿದ. ಅಬ್ಬಾ, ಆ ದನಿ! ಅದು ಉಸಿರಿಗಾಗಿ ಕಾಯಲಿಲ್ಲ, ಬಾಯಿ ಇಟ್ಟ ಕ್ಷಣಕ್ಕೇ ಹೊರಬಿತ್ತು; ನೆಟ್ಟಗೆ, ಹೊಳೆಹೊಳೆಯುತ್ತ ಓಣಿಯ ಆ ತುದಿಯ ಗೋಡೆಗೆ ಹೋಗಿ ಬಡಿಯಿತು. ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರಗಳೂ ಒಂದೇ ತೂಕ, ಒಂದೇ ಬಣ್ಣ. ಮಾಳಿಗೆಯ ಪಾರಿವಾಳಗಳು ಹಾರಿಹೋದವು. ನನ್ನ ತೋಳಿನ ಕೂದಲು ನಿಂತಿತು. ಹಳೆಯದರ ಮುಂದೆ ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ಇದರ ಮುಂದೆ ಕಣ್ಣು ಮುಚ್ಚುವುದೇ ಆಗಲಿಲ್ಲ.

"ಹೆಂಗೈತ್ರಿ ಚಾಚಾ?" ಎಂದು ಕಾಕಾ ಕೇಳಿದ.

"ಸಾಫ್ ಐತಿ ಬೇಟಾ. ಭಾಳ ಸಾಫ್ ಐತಿ," ಎಂದ ಚಾಚಾ.

ಉಳಿದದ್ದನ್ನು ಹೇಳಿದವಳು ಅವ್ವ. "ಅದು ಜವಾರಿ ಜ್ವಾಳ, ಇದು ಹೈಬ್ರಿಡ್. ಹೈಬ್ರಿಡ್ ತೆನಿ ದೊಡ್ಡದು, ಮನಿಮಂದಿ ಹೊಟ್ಟಿ ತುಂಬತೈತಿ. ರೊಟ್ಟಿ ರುಚಿ ಅಷ್ಟ ಬ್ಯಾರೆ."

ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. ಎದ್ದು ಒಳಗೆ ಹೋದ.

ಆಮೇಲೆ ಹಲವು ದಿನ ಅವನು ಕಾಕಾನ ಜೊತೆ ಮಾತಾಡಲಿಲ್ಲ. ಹೊಸದು ತಂದದ್ದಕ್ಕೆ ಅಜ್ಜನಿಗೆ ಸಿಟ್ಟು ಬಂದಿದೆ ಎಂದುಕೊಂಡು ಕಾಕಾ ಅವನ ಮುಂದೆ ಪೆಟ್ಟಿಗೆಯನ್ನೇ ತೆರೆಯುತ್ತಿರಲಿಲ್ಲ. ಮನೆಯಲ್ಲಿ ಊಟ ಬಡಿಸುವ ಸದ್ದೂ ದೊಡ್ಡದಾಗಿ ಕೇಳಿಸುವಂಥ ದಿನಗಳು ಅವು. ಅದು ಸಿಟ್ಟಲ್ಲವೆಂದು ಮೊದಲು ಕಂಡದ್ದು ಅವ್ವನಿಗೆ. ಕಾಕಾ ಹೊರಗೆ ಹೋದಾಗ ಅಜ್ಜ ಮೆಲ್ಲಗೆ ಪೆಟ್ಟಿಗೆ ತೆರೆದು, ಬಾಯಿ ಇಡದೆ, ಬರೀ ಬೆರಳುಗಳಿಂದ ಚಾವಿಗಳ ಮೇಲೆ ಯಾವುದೋ ಹಾಡು ನುಡಿಸುತ್ತಿದ್ದುದನ್ನು ಅವಳು ಅಡುಗೆಮನೆಯಿಂದ ನೋಡಿದ್ದಳು. ನಮ್ಮ ಕಡೆ ಸೊಸೆಯಂದಿರು ಮಾವನ ಮುಂದೆ ಸೆರಗು ಹೊದ್ದು, ಅಗತ್ಯವಿದ್ದಷ್ಟೇ ಮಾತಾಡುವ ಕಾಲ. ಒಂದು ಮಧ್ಯಾಹ್ನ ಅವಳು ಕೈ ಒರೆಸಿಕೊಂಡು ಬಂದು, ಹೊಸ ಟೆನರನ್ನು ಎತ್ತಿ ಅಜ್ಜನ ತೊಡೆಯ ಮೇಲೆ ಇಟ್ಟಳು.

"ಮಾವಾರ, ಒಮ್ಮಿ ಊದ್ರಿ."

"ಹಲ್ಲಿಲ್ಲ, ಉಸುರಿಲ್ಲ, ಏನ್ ಊದಲಿ? ಸೊಸೈಟಿ ವಾದ್ಯ ಅದು. ಮಾದ್ಯಾ ಬೈತಾನ."

"ಬೈಲಿ. ನಾ ಅದೇನಿ."

ಅಜ್ಜ ಅದರ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. ಆಮೇಲೆ ಬೊಚ್ಚು ಬಾಯಿಯ ತುಟಿಗಳನ್ನು ಒಳಕ್ಕೆ ಮಡಚಿ ಮೌತ್‌ಪೀಸು ಕಚ್ಚಿದ. ಹಳೆಯದಕ್ಕೆ ಬೇಕಾಗುತ್ತಿದ್ದ ಉಸಿರಿನ ಕಾಲುಭಾಗವೂ ಅವನಲ್ಲಿರಲಿಲ್ಲ. ಆದರೂ ಸ್ವರ ಬಂತು. ಅದು ಕಾಕಾ ಊದಿದಾಗಿನ ಹೊಳೆಯುವ ದನಿಯಲ್ಲ. ಸಣ್ಣದು, ಆದರೆ ಅಂಚು ಮೆತ್ತಗೆ, ಒಳಗೆ ಅದೇ ತುಂಬು, ಅಜ್ಜನದೇ ದನಿ. ಅವನು ಗಾಬರಿಯಿಂದ ವಾದ್ಯವನ್ನು ಬಾಯಿಂದ ತೆಗೆದು ನೋಡಿದ, ಮತ್ತೆ ಊದಿದ, ಮತ್ತೆ ನಿಲ್ಲಿಸಿದ.

"ಉಸುರು ಕೇಳೂದ ಇಲ್ಲಲ್ಲ ಇದು!" ಎಂದು ಮಗುವಿನ ಹಾಗೆ ನಕ್ಕ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ.

ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತಿದ್ದ. ಯಾವಾಗ ಬಂದನೋ ಯಾರಿಗೂ ಗೊತ್ತಾಗಿರಲಿಲ್ಲ.

"ನಾ ಓಣ್ಯಾಗಿಂದ ಕೇಳಕೋತ ಬಂದೆ, ಅಪ್ಪಾ. ನೀವು ಹಳೇದ ಊದಾಕತ್ತೀರಿ ಅಂದ್ಕೊಂಡೆ."

ಅಜ್ಜ ಅವನನ್ನು ನೋಡಿ ಕೇಳಿದ: "ಹೊಸಾದಕ್ಕ ನನ್ನ ದನಿ ಹೆಂಗ ಗೊತ್ತಾತೋ ಮಾದ್ಯಾ?"

ಕಾಕಾ ಬೈಯಲಿಲ್ಲ. ಚಪ್ಪಲಿ ಬಿಟ್ಟು ಬಂದು ನೆಲದ ಮೇಲೆ ಕೂತ. ಎರಡು ವರ್ಷ ಹಟ ಹಿಡಿದು ತರಿಸಿದ್ದು, ಅದರಿಂದ ತನಗೊಂದು ಹೆಸರು ಬರುತ್ತದೆಂದು ಕಾದವನು. ಅವನ ಮುಖದ ಮೇಲೆ ಏನೇನು ಹಾದುಹೋಯಿತೆಂದು ನನಗೆ ಈಗ ಅರ್ಥವಾಗುತ್ತದೆ. ಕೊನೆಗೆ ಗೋಡೆಗೆ ಒರಗಿದ್ದ ಹಳೆಯ ಟೆನರ್ ತೆಗೆದು ಕೊರಳಿಗೆ ಹಾಕಿಕೊಂಡ. ಊದಿದ. ಎಂದಿನ ಹಾಗೆ ಅದು ಒಡಕಲು ದನಿಯಲ್ಲಿ ಗೊಗ್ಗರಿಸಿತು.

"ದೂಡಬ್ಯಾಡೋ. ಸಿನೇಮಾ ಬಿಟ್ಟು ಬಾ. ಉಸುರು ಒಳಗ ಇಡು, ಅದು ತಾನ ಬರತೈತಿ," ಎಂದ ಅಜ್ಜ.

ಅಲ್ಲಿಂದ ನಮ್ಮ ಮನೆಯಲ್ಲಿ ಎರಡು ಟೆನರ್ ಬಾಳಿದವು. ಮದುವೆಗಳಿಗೆ ಕಾಕಾ ಹೊಸದನ್ನು ಒಯ್ಯುತ್ತಿದ್ದ. ಮನೆಗೆ ಬಂದೊಡನೆ ಅದನ್ನು ಒರೆಸಿ ಅಜ್ಜನ ಕೈಗೆ ಕೊಟ್ಟು ತಾನು ಹಳೆಯದನ್ನು ಎತ್ತಿಕೊಳ್ಳುತ್ತಿದ್ದ. ಅಜ್ಜ, ಕಾಕಾ ಎದುರು ಬದುರು ಕೂತು ಒಂದೇ ಸ್ವರ ಹಿಡಿದಾಗ ನಾನು ನಡುವೆ ಕೂತು ಒಂದೊಂದು ಅಂಗೈಯನ್ನು ಒಂದೊಂದು ವಾದ್ಯದ ಮೇಲೆ ಇಡುತ್ತಿದ್ದೆ. ಹಳೆಯದರ ನಡುಕ ಅಗಲವಾದದ್ದು. ಹಾಲು ಕರೆಯುವಾಗ ಎಮ್ಮೆಯ ಮೈ ನಡುಗುವ ಹಾಗೆ ಇಡೀ ಅಂಗೈ ತುಂಬಿ ಮೊಣಕೈಗೆ ಏರುತ್ತಿತ್ತು. ಹೊಸದರ ನಡುಕ ಸಣ್ಣದು, ಚುರುಕು; ದೂರದಲ್ಲಿ ರೈಲು ಬರುವ ಮೊದಲು ಹಳಿ ಮುಟ್ಟಿದರೆ ಬೆರಳ ತುದಿಗೆ ತಿಳಿಯುತ್ತದಲ್ಲ, ಅಂಥದ್ದು. ಯಾವುದು ಚಂದ ಎಂದು ಅಜ್ಜನನ್ನು ಕೇಳಿದ್ದೆ. "ಎರಡೂ ಕೈ ನಿನ್ನವ ಅಲ್ಲೇನ ಗಂಗೂ," ಎಂದಿದ್ದ.

ಮಾಲಗಾಂವದ ಮದುವೆಗೆ ನಾನೂ ಹೋಗಿದ್ದೆ. ಅಜ್ಜನಿಗೆ ನಡೆಯಲು ಆಗದೆಂದು ಮೆರವಣಿಗೆಯ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಬೆಳಗಿನ ಹೊತ್ತು, ಎರಡೂ ಕಡೆ ಕಬ್ಬು. ಊರ ಅಗಸಿಬಾಗಿಲು ಬಂದಾಗ ಕಾಕಾ ಕೈ ಎತ್ತಿ ಡೋಲು, ಕಹಳೆ ಎಲ್ಲವನ್ನೂ ನಿಲ್ಲಿಸಿದ. ಅಜ್ಜ ಟ್ರಾಲಿಯ ಮೇಲಿಂದ ಹೊಸದರಲ್ಲಿ, ಕಾಕಾ ಕೆಳಗೆ ನೆಲದ ಮೇಲೆ ನಿಂತು ಹಳೆಯದರಲ್ಲಿ, ಪಂಢರಪುರದ ದಾರಿಯಲ್ಲಿ ಕೇಳುವಂಥ ಒಂದು ಭಜನೆಯ ಧಾಟಿ ಹಿಡಿದರು. ಮೇಲೆ ಬಿಸಿಲಿನ ಹಾಗೆ ಒಂದು ದನಿ, ಅದರ ಕೆಳಗೆ ನೆರಳಿನ ಹಾಗೆ ಇನ್ನೊಂದು. ಕಾಕಾನ ಹಳೆಯ ಟೆನರ್ ಆ ದಿನ ಗೊಗ್ಗರಿಸಲಿಲ್ಲ; ಕಣ್ಣು ಮುಚ್ಚಿದ್ದರೆ ಅದು ಅಜ್ಜನ ಹರೆಯದ ಉಸಿರು. ಬೀಗರ ಕಡೆಯ ಮುದುಕರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಮದುಮಗ ಕುದುರೆಯ ಮೇಲೆ ಅಲುಗಾಡದೆ ಕೂತಿದ್ದ. ಮುಗಿದ ಮೇಲೂ ಯಾರೂ ಹೆಜ್ಜೆ ಎತ್ತಲಿಲ್ಲ.

ಈಗ ಆ ಓಣಿಯ ತುದಿಯಲ್ಲಿ ಮೂರು ಅಂತಸ್ತಿನ ಕಟ್ಟಡವಿದೆ, ಕೆಳಗೆ ಮೊಬೈಲಿನ ಅಂಗಡಿಗಳು. ಮದುವೆಗಳಲ್ಲಿ ವ್ಯಾನಿನಷ್ಟು ದೊಡ್ಡ ಸ್ಪೀಕರುಗಳು ಬಂದ ಮೇಲೆ ಬ್ಯಾಂಡಿನ ಸೊಸೈಟಿ ಮುಚ್ಚಿತು. ಹಳೆಯ ಟೆನರ್ ಕಾಕಾನ ಮಗನ ಮನೆಯ ಅಟ್ಟದ ಮೇಲಿದೆ; ಅದರ ಪ್ಯಾಡುಗಳ ಚರ್ಮವನ್ನೆಲ್ಲ ಇಲಿ ತಿಂದಿದೆ. ಹೊಸದು ಸಮಡೋಳಿಯ ಬ್ಯಾಂಡಿಗೆ ಹೋಯಿತು. ಕೆಲವು ವರ್ಷಗಳ ಹಿಂದೆ ಅಲ್ಲಿ ನೋಡಿದೆ, ಹೊಳಪೆಲ್ಲ ಸುಲಿದು ಕಪ್ಪಾಗಿತ್ತು. ಹಳೆಯ ಕಾಲದ ವಾದ್ಯ, ಇಂಥ ದನಿ ಈಗಿನವುಗಳಿಗೆ ಬರುವುದಿಲ್ಲ ಎಂದು ಊದುವ ಹುಡುಗ ನನಗೆ ಹೆಮ್ಮೆಯಿಂದ ಹೇಳಿದ. ನಾನು ಹೌದಪ್ಪ ಎಂದೆ. ಅಪ್ಪ, ಅವ್ವ, ಕಾಕಾ, ಚಾಚಾ ಯಾರೂ ಈಗ ಇಲ್ಲ.

ಅಜ್ಜ ಹೋದದ್ದು ಮಾಲಗಾಂವದ ಮದುವೆಯ ನಂತರದ ಚಳಿಗಾಲದಲ್ಲಿ. ಹಿಂದಿನ ಸಂಜೆ ದೀಪ ಹಚ್ಚುವವರೆಗೆ ಊದಿ, ಹೊಸ ಟೆನರನ್ನು ತಾನೇ ಪೆಟ್ಟಿಗೆಯಲ್ಲಿಟ್ಟು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಬ್ಯಾಂಡಿನವರೆಲ್ಲ ಬಂದರು, ವಾದ್ಯಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಊದದೆ ನಡೆದರು. ಮಣ್ಣು ಮಾಡಿ ಬಂದು ಸ್ನಾನ ಮುಗಿಸಿದ ಮೇಲೆ ಕಾಕಾ ಪೆಟ್ಟಿಗೆ ತೆರೆದ. ವಾದ್ಯವನ್ನು ಎತ್ತಿ, ಮೇಲಿನ ಬಾಗಿದ ತುಂಡನ್ನು ಬಿಚ್ಚಿ ಓರೆ ಮಾಡಿದಾಗ ಒಳಗೆ ನಿಂತಿದ್ದ ನೀರು ನಾಲ್ಕಾರು ಹನಿಯಾಗಿ ನೆಲದ ಕಲ್ಲಿನ ಮೇಲೆ ಬಿತ್ತು. ಊದುವಾಗ ಉಸಿರು ತಣಿದು ಹಾಗೆ ನೀರಾಗಿ ನಿಲ್ಲುತ್ತದೆ. ಕಾಕಾ ಅದನ್ನೇ ನೋಡುತ್ತ ನಿಂತ. ನೆರೆಮನೆಯ ಒಬ್ಬಾಕೆ ಒರೆಸಲೆಂದು ಅರಿವೆ ತಂದಳು.

"ಬ್ಯಾಡವ್ವಾ, ಮುಟ್ಟಬ್ಯಾಡ," ಎಂದಳು ಅವ್ವ.

ಆ ಹನಿಗಳು ಕಲ್ಲಿನ ಮೇಲಿಂದ ತಾವಾಗಿಯೇ ಆರಿಹೋಗುವವರೆಗೆ ಅವ್ವ, ಕಾಕಾ, ನಾನು ಅಲ್ಲಿಯೇ ಸುತ್ತಲೂ ಕೂತಿದ್ದೆವು.