ಫ್ರಾಕಿನಲ್ಲಿ ನಾಲ್ಕು ಚಪಾತಿ

ಸಂತರ ಕಥೆಗಳ ಒಂದು ಹಳೇ ಪುಸ್ತಕಕ್ಕೆ ಅಂಗಡಿಯವನು ಅರವತ್ತು ರೂಪಾಯಿ ಹೇಳಿದ. ರಟ್ಟು ಮುದುಡಿದೆ, ಎರಡು ಹಾಳೆ ಕಿತ್ತು ಬಂದಿದೆ ಅಂತ ತೋರಿಸಿ ಮೂವತ್ತೈದಕ್ಕೆ ಇಳಿಸಿದೆ. ಶಿವಮೊಗ್ಗದಲ್ಲಿ ಚರ್ಚಿನ ಹಬ್ಬಕ್ಕೆ ಹೋದಾಗ ಕೊಂಡಿದ್ದು, ಮಗಳಿಗಾಗಿ. ಆಗ ಅವಳಿಗೆ ಆರು ವರ್ಷ. ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಹುಡುಗಿಗೆ ಒಂದು ರಬ್ಬರ್ ಕೊಡುವವಳಲ್ಲ. ಪೈಸೆ ಪೈಸೆಗೂ ಜಗ್ಗಾಡಿ ಬದುಕುವುದು ನನ್ನ ಕಾಲಕ್ಕೇ ಮುಗಿಯಲಿ, ಇವಳಿಗಾದರೂ ಕೊಡುವ ಕೈ ಇರಲಿ ಅನ್ನುವ ಆಸೆ ನನಗೆ.

ನಾವಿದ್ದದ್ದು ಭದ್ರಾವತಿಯಲ್ಲಿ, ಕಾರ್ಮಿಕರ ಸಾಲುಮನೆಯಲ್ಲಿ. ಎರಡು ಹೋಟೆಲಿಗೆ ಚಪಾತಿ ಮಾಡಿ ಕೊಡುತ್ತಿದ್ದೆ. ಹಿಟ್ಟು ನೆನೆಯುವಷ್ಟು ಹೊತ್ತು ಅವಳಿಗೆ ಕಥೆ ಓದುವುದು. ಸಂತಳಾದ ಒಬ್ಬ ರಾಣಿಯ ಕಥೆ ಅವಳಿಗೆ ಬಲು ಇಷ್ಟ. ರಾಣಿ ಬಡವರಿಗೆ ಅಂತ ರೊಟ್ಟಿಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಹೋಗುತ್ತಿರುತ್ತಾಳೆ. ಗಂಡ ಅಡ್ಡ ಬಂದು "ಏನದು?" ಅನ್ನುತ್ತಾನೆ. "ಹೂವು" ಅನ್ನುತ್ತಾಳೆ. ಮಡಿಲು ಬಿಚ್ಚಿದರೆ ನಿಜವಾಗಲೂ ಗುಲಾಬಿ! ಅಲ್ಲಿಗೆ ಬಂದಾಗ ಮಗಳು ಪ್ರತಿ ಸಲ ಚಪ್ಪಾಳೆ ತಟ್ಟುತ್ತಿದ್ದಳು.

ಹೋಟೆಲಿನವನು ಎರಡು ದಿನದಿಂದ ಚಪಾತಿ ಕಡಿಮೆ ಬರುತ್ತಿದೆ ಅಂತ ಗೊಣಗಿದ್ದ. ಮೂರನೇ ದಿನ ಕಾವಲಿ ಮುಂದಿನಿಂದ ತಿರುಗಿ ನೋಡಿದೆ. ಮಗಳು ಫ್ರಾಕಿನ ಅಂಚು ಎತ್ತಿ ಹಿಡಿದು ಹಿತ್ತಲ ಬಾಗಿಲು ದಾಟುತ್ತಿದ್ದಳು. ಹಿಂದಿನ ಸಾಲಿನಲ್ಲಿ ಒಂಟಿ ಅಜ್ಜಿಯೊಬ್ಬಳಿದ್ದಳು, ಅವಳ ಮನೆ ಕಡೆಗೆ.

"ಏನೇ ಅದು?"

"ಹೂವು ಅಮ್ಮ."

"ಹೂವಾ? ಬಿಚ್ಚು, ನೋಡೋಣ."

ಹೆದರಲೇ ಇಲ್ಲ. ನಗುತ್ತಾ ಬಿಚ್ಚಿದಳು. ನನ್ನ ಮುಖ ಕೂಡ ನೋಡಲಿಲ್ಲ, ಕಣ್ಣೆಲ್ಲ ಫ್ರಾಕಿನೊಳಗೆ. ಅಲ್ಲಿ ನಾಲ್ಕು ಬಿಸಿ ಚಪಾತಿ.

"ತಡಿ ಅಮ್ಮ, ಇನ್ನೂ ಆಗಿಲ್ಲ" ಅಂದಳು.

ಕದ್ದಿದ್ದಲ್ಲದೆ ಸುಳ್ಳು ಬೇರೆ ಅಂತ ಕೆನ್ನೆಗೆ ಬಾರಿಸಿದೆ. ಹಿಟ್ಟಿನ ಕೈ. ಐದು ಬೆರಳೂ ಬಿಳಿಯಾಗಿ ಮೂಡಿದವು.

ಸಂಜೆ ಅವಳೇ ಬಂದು ಮೆಲ್ಲಗೆ ಕೇಳಿದಳು: "ಆ ರಾಣಿಗೆ ಆಯ್ತಲ್ಲ, ನಂಗ್ಯಾಕೆ ಆಗ್ಲಿಲ್ಲ? ನಾನು ಕೆಟ್ಟೋಳಾ?"

ಎಂಥೆಂಥ ವ್ಯಾಪಾರಿಗಳ ಬಾಯಿ ಮುಚ್ಚಿಸಿದವಳು ನಾನು. ಅವತ್ತು ಅವಳನ್ನು ಎಳೆದು ತಬ್ಬಿಕೊಂಡೆ. ಅವಳು ಕಟ್ಟಿಗೆಯ ಹಾಗೆ ನಿಂತಿದ್ದಳು.

ಮಾರನೇ ದಿನ ಚಪಾತಿ, ಪಲ್ಯ ಹಿಡಿದು ನಾನೇ ಅಜ್ಜಿಯ ಮನೆಗೆ ಹೋದೆ. "ಓಹೋ, ಚಪಾತಿ ಸಾಹುಕಾರ್ತಿ ಬಂದ್ಲು! ನನ್ನ ಪುಟ್ಟಿ ಎಲ್ಲಿ ಮಾರಾಯ್ತಿ?" ಅಂದಳು ಅಜ್ಜಿ. ಮನೆಗೆ ಬಂದು ಮಗಳನ್ನು ಕರೆದೆ. "ನೀನೇ ಕೊಡಮ್ಮ" ಅಂದವಳು ಬಾಗಿಲು ದಾಟಲಿಲ್ಲ. ಮಳೆಗಾಲದ ಮೊದಲೇ ಅಜ್ಜಿಯನ್ನು ಅವಳ ತಂಗಿ ತನ್ನೂರು ಕುಂಸಿಗೆ ಕರೆದುಕೊಂಡು ಹೋದಳು. ಪುಟ್ಟಿಯನ್ನು ಅವಳು ಮತ್ತೆ ನೋಡಲಿಲ್ಲ.

ಈಗ ನಾವು ಶಿವಮೊಗ್ಗದಲ್ಲಿ, ಆಲ್ಕೊಳದ ಹತ್ತಿರ. ಮಗಳು ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಪಕ್ಕದ ಮನೆಯವರು ಕೊತ್ತಂಬರಿ ಸೊಪ್ಪು ಕೇಳಿ ಬಂದಾಗ ಅಡುಗೆಮನೆಗೆ ಬಂದಳು.

"ಅಮ್ಮ, ನಾಲ್ಕು ಎಳೆ ಕೊಡ್ಲಾ?"

"ಅದಕ್ಕೂ ಕೇಳ್ತಾರೇನೇ? ಕೊಡು."

"ನೀನು ಹೇಳಿದ್ಮೇಲೆ ಕೊಡ್ತೀನಿ" ಅಂದಳು. ಹಂಗಿಸಿದ್ದಲ್ಲ. ಅವಳಿಗೆ ಅದೇ ಅಭ್ಯಾಸವಾಗಿದೆ. ಆ ಅಭ್ಯಾಸ ಮಾಡಿಸಿದವಳು ನಾನು.

ಮಕ್ಕಳಿಗೆ ಸಂತರ ಕಥೆ ಹೇಳುವವರು ನನ್ನ ಮಾತು ಕೇಳಿ. ಪವಾಡದ ಜಾಗ ಬಂದಾಗ ನಿಲ್ಲಿಸಿ. ನಾವು ಕೊಟ್ಟಾಗ ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ, ಹಸಿದವರಿಗೆ ಬೇಕಾಗಿರುವುದೂ ಅದೇ ಅಂತ ಬಿಡಿಸಿ ಹೇಳಿ. ಕಥೆ ಹೇಳುವ ಮೊದಲೇ ಒಂದು ಡಬ್ಬಿ ಬೇರೆ ಇಡಿ, ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ. ಬಿಸ್ಕತ್ತೋ ಬಾಳೆಹಣ್ಣೋ, ಅದರಲ್ಲಿರುವುದನ್ನು ನಮ್ಮನ್ನು ಕೇಳದೆ ಯಾರಿಗಾದರೂ ಕೊಡಬಹುದು ಅಂತ ಹೇಳಿಬಿಡಿ. ಖಾಲಿಯಾದರೆ ಸುಮ್ಮನೆ ತುಂಬಿಸಿ. ಯಾರಿಗೆ ಕೊಟ್ಟೆ ಅಂತ ಕೇಳಬೇಡಿ.