ದೋಣಿಯನ್ನು ಎರಡು ಸಲ ಹಿಂದಕ್ಕೆ ಕಳಿಸಿದ್ದು

ಓದುವ ಎಲ್ಲರಿಗೂ ಶರಣು. ನಾನು ಸಾಲೆ ಕಂಡದ್ದು ಇಪ್ಪತ್ತಾರನೆಯ ವರ್ಷದಲ್ಲಿ. ಊರಿಗೆ ಸರಕಾರದ ಕನ್ನಡ ಸಾಲೆ ಬಂದಾಗ ಸಣ್ಣ ಮಕ್ಕಳ ಹಿಂದೆ ಗೋಡೆಗೆ ಒರಗಿ ಕುಳಿತು ಅಕ್ಷರ ತಿದ್ದಿದವನು. ಈಗಲೂ ಒಂದು ಸಾಲು ಮುಗಿಸುವಷ್ಟರಲ್ಲಿ ಲೇಖನಿಯ ಮಸಿ ಒಣಗಿರುತ್ತದೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು, ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಯಾರ ಹೆಸರನ್ನೂ ಬರೆದಿಲ್ಲ. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ.

ನಮ್ಮದು ರೋಣದ ಹತ್ತಿರದ ಹಳ್ಳಿ. ಅಪ್ಪ ತೀರಿದಾಗ ನನಗೆ ಹದಿಮೂರು ವರ್ಷ. ಹದಿನಾಲ್ಕು ಜನರ ಮನೆಯ ಭಾರ ಅಂದಿನಿಂದ ಹಿರಿಯ ಮಗನಾದ ನನ್ನದೇ. ಎತ್ತು ಕಣ್ಣಿ ಹರಿದರೂ, ತೊಟ್ಟಿಲು ಮುರಿದರೂ, ಬೀಗರು ಬಂದರೂ ಮೊದಲು ಏಳುವ ಕೂಗು ‘ಅಣ್ಣಾ’ ಎಂದು. ಅದನ್ನು ದೂರಾಗಿ ಹೇಳುತ್ತಿಲ್ಲ. ಎಲ್ಲ ಹಿರಿಯ ಮಕ್ಕಳ ಬಾಳೂ ಹಾಗೆಯೇ. ಆದರೆ ಒಂದು ಹೊತ್ತು ಒಬ್ಬನೇ ಕುಳಿತ ನೆನಪು ನನಗೆ ನಾನು ಹೇಳಹೊರಟ ಆ ವರ್ಷದವರೆಗೂ ಇರಲಿಲ್ಲ.

ಆ ವರ್ಷ ನನ್ನ ಕೊನೆಯ ತಂಗಿ ಗಜೇಂದ್ರಗಡದ ಗಂಡನ ಮನೆಯಲ್ಲಿ ಚೊಚ್ಚಿಲ ಬಸುರಿ. ನೇಕಾರರಿಂದ ಸೀರೆ ಕೊಂಡು ಮಾರುವ ಮನೆ ಅದು. ನಮ್ಮಲ್ಲಿ ಚೊಚ್ಚಿಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳು ಮುಗಿಯುವುದರೊಳಗೆ ಕರೆತಂದು, ಹೊಸ ಕುಪ್ಪಸ ತೊಡಿಸಿ ಉಡಿ ತುಂಬುವ ಕುಬಸದ ಕಾರ್ಯ ಮಾಡಬೇಕು. ಎಂಟು ಹತ್ತಿದ ಮೇಲೆ ಬಸುರಿಯನ್ನು ಊರ ಗಡಿ ದಾಟಿಸುವುದಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಕರೆಯಲು ಹೋಗಬೇಕಾದವನು ಹಿರಿಯ ಅಣ್ಣ, ಅಂದರೆ ನಾನು. ತಂಗಿಗೆ ಅಮಾವಾಸ್ಯೆ ಕಳೆದರೆ ಎಂಟು. ಅವ್ವ ಮೂರು ತಿಂಗಳು ಮೊದಲೇ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ, ತುಪ್ಪ ಕಾಯಿಸಿ ಇಟ್ಟಿದ್ದಳು.

ನಾನೂ ಕಾಕಾನೂ ಹತ್ತಿಯ ಗಾಡಿಗಳೊಡನೆ ಕುಮಟೆಯ ಬಂದರಕ್ಕೆ ಇಳಿದಿದ್ದೆವು. ಹುಣ್ಣಿಮೆಯ ಹೊತ್ತಿಗೆ ಹತ್ತಿ ಇಳಿಸಿ ಉಪ್ಪು ಹೇರಿದ್ದಾಯಿತು. ಅಲ್ಲಿ ಒಬ್ಬ ಅಂಬಿಗ ದೋಣಿಗೆ ಎಣ್ಣೆ ಸವರುತ್ತ ಕುಳಿತಿದ್ದ. ಮಾತಿಗೆ ಮಾತು ಬಂದು, ಹೊನ್ನಾವರದ ಕಡೆ ಸಮುದ್ರದ ನಡುವೆ ಬಸವರಾಜದುರ್ಗ ಎಂಬ ನಡುಗಡ್ಡೆ ಇದೆ, ಕೆಳದಿಯ ಅರಸರು ಕಟ್ಟಿಸಿದ ಕೋಟೆ ಅದರ ಮೇಲಿದೆ ಎಂದ.

“ಅಲ್ಲಿ ಯಾರ ಇರ್ತಾರ?” ಎಂದೆ.

“ಯಾರೂ ಇಲ್ಲ ಒಡೆಯಾ. ಕಾಗೆ ಅದೆ, ಏಡಿ ಅದೆ.”

ಕೋಟೆ, ಅರಸರು ಎಂದದ್ದಕ್ಕಿಂತ ‘ಯಾರೂ ಇಲ್ಲ’ ಎಂದದ್ದು ನನ್ನನ್ನು ಹಿಡಿಯಿತು. ಉಪ್ಪಿನ ಗಾಡಿಗಳು ಊರು ಮುಟ್ಟಲು ಹನ್ನೆರಡು ದಿನ ಬೇಕು. ಬರಿಗೈಯಲ್ಲಿ ನಡೆದರೆ ನನಗೆ ಒಂಬತ್ತು ದಿನ ಸಾಕು. ಒಂದು ರಾತ್ರಿ ಇದ್ದು ಬಂದರೂ ಗಾಡಿಗಳಿಗಿಂತ ಮೊದಲೇ ಊರಲ್ಲಿರುತ್ತೇನೆ ಎಂದು ಲೆಕ್ಕ ಹಾಕಿದೆ. ಕಾಕಾನಿಗೆ ಮಾತ್ರ ಖರೇ ಹೇಳಲು ನಾಚಿಕೆಯಾಯಿತು. ಮೂವತ್ತು ದಾಟಿದ ಗಂಡಸು, ಒಬ್ಬನೇ ಕೂರಬೇಕೆನಿಸಿದೆ ಎಂದರೆ ಕೇಳಿದವರು ಏನೆಂದಾರು?

“ಕಾಕಾ, ನೀ ಗಾಡಿ ಹೊಡಕೊಂಡ ನಡೀ. ಹತ್ತಿ ತಗೊಂಡ ಸೇಟ್ ಎರಡ ಅಂಡಗಿ ಮತ್ತ ತೂಗಬೇಕಂತಾನ. ಹಿಂದಿಂದ ಬರ್ತೀನಿ.”

“ಲಗೂ ಬಾ. ತಂಗೀನ ಕರೀಲಿಕ್ಕೆ ಹೋಗೋದೈತಿ, ನೆನಪೈತಿಲ್ಲೋ?”

“ಐತಿ ಕಾಕಾ.”

ನೆನಪಿತ್ತು. ಮರೆತಿದ್ದೆ ಎಂದು ಬರೆಯಲು ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂಬಿಗ ನನ್ನನ್ನು ನಡುಗಡ್ಡೆಯಲ್ಲಿ ಇಳಿಸಿ, ನಾಳೆ ಮಧ್ಯಾಹ್ನ ಬರುತ್ತೇನೆಂದು ಹೇಳಿ ಹೋದ. ದುರ್ಗದ ಕೆಂಪು ಕಲ್ಲಿನ ಗೋಡೆ ಅಲ್ಲಲ್ಲಿ ಕುಸಿದಿತ್ತು. ಬಾಗಿಲ ಒಳಗೆ ಮೆಟ್ಟಿಲು, ಮೇಲೆ ಬಯಲು, ನಾಲ್ಕಾರು ತೆಂಗಿನ ಮರ, ಹುಲ್ಲಿನಲ್ಲಿ ಮಲಗಿದ ತುಕ್ಕು ಹಿಡಿದ ತೋಪು. ಸುತ್ತ ಉಪ್ಪುನೀರು, ನಡುವೆ ಒಂದು ಬಾವಿ. ಅದರ ನೀರನ್ನು ಹೆದರುತ್ತ ಬಾಯಿಗೆ ಹಾಕಿದೆ, ನಮ್ಮ ಹಳ್ಳದ ಒರತೆಗಿಂತ ಸಿಹಿಯಾಗಿತ್ತು. ಗಂಟಿನಲ್ಲಿ ಕಟಕ ರೊಟ್ಟಿ, ಅಗಸಿ ಚಟ್ನಿ ಇದ್ದವು. ತೆಂಗಿನಕಾಯಿ ಬಿದ್ದಲ್ಲಿ ಬಿದ್ದಿದ್ದವು. ಕೈಯೊಳಗೆ ಲಿಂಗ ಇಟ್ಟುಕೊಂಡು ಅವಸರವಿಲ್ಲದೆ ಪೂಜೆ ಮಾಡಿದೆ. ಮನೆಯಲ್ಲಿ ಪೂಜೆಯ ನಡುವೆಯೇ ಮೂರು ಸಲ ಎದ್ದು ಬರಬೇಕಾಗುತ್ತಿತ್ತು.

ಮರುದಿನ ಎಚ್ಚರಾದಾಗ ಬಿಸಿಲು ಮುಖಕ್ಕೆ ಬಂದಿತ್ತು. ಗಾಬರಿಯಿಂದ ಎದ್ದು ಕುಳಿತೆ, ಎತ್ತಿಗೆ ಮೇವು ಹಾಕಿಲ್ಲವೆಂದು. ಎತ್ತು ಇರಲಿಲ್ಲ. ಮತ್ತೆ ಮಲಗಿದೆ. ಹುಟ್ಟಿ ಬುದ್ಧಿ ಬಂದ ಮೇಲೆ ಎದ್ದವನು ಮತ್ತೆ ಮಲಗಿದ್ದು ಅದೇ ಮೊದಲು.

ಮಧ್ಯಾಹ್ನ ಅಂಬಿಗ ಮಾತಿನಂತೆ ಬಂದ. ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ ನಾನು ಕೆಳಗಿಳಿಯಲಿಲ್ಲ.

“ಬರ್ತೀರೋ, ಇಲ್ಲೇ ಸನ್ಯಾಸಿ ಆಗ್ತೀರೋ?” ಎಂದು ಕೆಳಗಿನಿಂದ ಕೂಗಿದ.

“ನಾಡಿದ್ದ ಬಾ,” ಎಂದೆ.

ಅವನು ನಕ್ಕು ಹುಟ್ಟು ಹಾಕಿದ. ದೋಣಿ ಸಣ್ಣದಾಗುವವರೆಗೆ ನೋಡುತ್ತಿದ್ದೆ. ತಂಗಿಯ ಮುಖ ಕಣ್ಣ ಮುಂದೆ ಬಂತು. ದಿನ ಇನ್ನೂ ಇವೆ, ಸ್ವಲ್ಪ ಜೋರಾಗಿ ನಡೆದರಾಯಿತು ಎಂದುಕೊಂಡೆ. ಆ ಎರಡು ದಿನ ನಾನೇನೂ ಮಾಡಲಿಲ್ಲ. ಅಲೆ ಬಂದು ಕಲ್ಲಿಗೆ ಬಡಿಯುವುದನ್ನು ನೋಡಿದೆ. ಒಮ್ಮೆ ದೊಡ್ಡ ದನಿ ತೆಗೆದು, ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿಯ ಪದ ಹಾಡಿದೆ, ನಡುವೆ ಸಾಲು ಮರೆತರೂ ನಗುವವರು ಯಾರೂ ಇರಲಿಲ್ಲ. ಹೇಳಿದ ದಿನ ದೋಣಿ ಬಂತು. ನಾನು ಮತ್ತೊಮ್ಮೆ “ನಾಳೆ ಬಾ” ಎಂದೆ. ಈ ಸಲ ಅಂಬಿಗ ನಗಲಿಲ್ಲ.

“ಮನೇಲಿ ಕಾಯುವವರು ಇಲ್ವಾ ಒಡೆಯಾ?”

“ಅದಾರ,” ಎಂದೆ. ಅಷ್ಟು ಹೇಳಿಯೂ ಇಳಿಯಲಿಲ್ಲ.

ಐದನೆಯ ದಿನ ಹೊರಟು ಎಷ್ಟು ಜೋರಾಗಿ ನಡೆದರೂ ಊರು ಮುಟ್ಟಿದ್ದು ಅಮಾವಾಸ್ಯೆಯ ಮಧ್ಯಾಹ್ನ. ಗಾಡಿಗಳು ನನಗಿಂತ ಮೊದಲೇ ಬಂದಿದ್ದವು. ಅಮಾವಾಸ್ಯೆಯ ದಿನ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅಂದೇ ತಂಗಿಯ ಊರಿಗೆ ಹೊರಡುವಂತಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಏನಪಾ, ಸೇಟ್ ನಿನ್ನನ್ನೂ ತಕ್ಕಡ್ಯಾಗ ಕುಂದ್ರಿಸಿ ತೂಗಿದನೇನ?”

“ಜ್ವರ ಬಂದಿತ್ತು ಕಾಕಾ. ಬಂದರದಾಗ ಬಿದ್ದಿದ್ನಿ.”

ಆ ಮಾತು ಬಾಯಿಗೆ ಎಲ್ಲಿಂದ ಬಂತೋ ತಿಳಿಯದು. ಒಳಗಿಂದ ಬಂದ ಅವ್ವ ನನ್ನ ಕುತ್ತಿಗೆ ಮುಟ್ಟಿ ನೋಡಿ, “ಪರಊರಾಗ ಒಬ್ಬನ ಬಿದ್ದಿದ್ಯಾ ಯಪ್ಪಾ,” ಎಂದು ಕಣ್ಣಿಗೆ ಸೆರಗು ಹಚ್ಚಿದಳು.

ಮರುದಿನ ನಸುಕಿನಲ್ಲೇ ಗಾಡಿ ಹೂಡಿ ಹೊರಟು ಗಜೇಂದ್ರಗಡ ಮುಟ್ಟಿದೆ. ಪಡಸಾಲೆಯಲ್ಲಿ ತಂಗಿಯ ಬಟ್ಟೆಯ ಗಂಟು ಕಟ್ಟಿಟ್ಟದ್ದು ಹಾಗೇ ಇತ್ತು. ಆರು ದಿನದಿಂದ ಅಲ್ಲೇ ಇದೆ ಎಂದು ಆಮೇಲೆ ತಿಳಿಯಿತು. ಅವಳ ಅತ್ತೆ ನೀರು ಕೊಟ್ಟು ಎದುರಿಗೆ ಕುಳಿತಳು.

“ಬರ್ರಿ ಬೀಗರ. ನಿನ್ನಿ ತನಾ ಹಾದಿ ನೋಡಿದ್ವಿ. ಇವತ್ತ ಪಾಡ್ಯ, ಎಂಟು ಹತ್ತೇತಿ. ಇನ್ನ ಕಳಸೂದಿಲ್ಲರಿ.”

“ಅತ್ತೀರ, ಒಂದ ದಿನದ ಮಾತ್ರಿ.”

“ಒಂದ ದಿನದ್ದು ನಮಗ ಗೊತ್ತೈತ್ರಿ. ನಿಮಗ ಗೊತ್ತಿದ್ದಿಲ್ಲೇನು? ಸಮುದ್ರ ನೋಡಿದವರಿಗೆ ಹೆಣ್ಣಮಕ್ಕಳ ತಿಂಗಳ ಸಣ್ಣವು ಕಾಣಸ್ತಾವೇನೋ.”

ಅವಳಿಗೆ ಏನೂ ತಿಳಿದಿರಲಿಲ್ಲ, ಬರಿ ಚುಚ್ಚುಮಾತು. ಆದರೂ ನಾನು ತಂಬಿಗೆಯನ್ನು ಕೆಳಗಿಟ್ಟೆ. ಜ್ವರ ಎಂದು ಮತ್ತೆ ಹೇಳಿದೆ.

“ಜ್ವರ ಬಂದವರು ಬೆಳ್ಳಗ ಆಗ್ತಾರ. ನೀವು ನೋಡಿದರ ಸುಗ್ಗಿ ಮಾಡಿ ಬಂದಂಗ ಕಾಣ್ತೀರಿ.”

ಒಳಗಿನ ಬಾಗಿಲಲ್ಲಿ ನಿಂತಿದ್ದ ತಂಗಿ ಆಗ ಹೊರಗೆ ಬಂದಳು. ಅತ್ತೆಯ ಎದುರು ದನಿ ಎತ್ತಿದವಳಲ್ಲ. ಬಲಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಹೇಳಿದಳು:

“ಅತ್ತಿ, ನಮ್ಮಣ್ಣ ಸುಳ್ಳ ಹೇಳಾವಲ್ಲ. ಇದರಾಣಿ.”

ನಮ್ಮಲ್ಲಿ ಹೊಟ್ಟೆ ಮುಟ್ಟಿ ಆಣೆ ಮಾಡುವುದು ಸಣ್ಣ ಮಾತಲ್ಲ. ಆಣೆ ಸುಳ್ಳಾದರೆ ಅದು ಹುಟ್ಟುವ ಕೂಸಿಗೆ ತಟ್ಟುತ್ತದೆ ಎಂದು ಮುದುಕಿಯರಿಂದ ಮಕ್ಕಳವರೆಗೆ ಎಲ್ಲರೂ ನಂಬಿದ್ದಾರೆ. ಅತ್ತೆ ಕೂಡ, “ಅಷ್ಟಕ್ಕ ಆಣಿ ಯಾಕ ಮಾಡ್ತೀ,” ಎಂದು ಎದ್ದು ಹೋದಳು. ಆ ಗಳಿಗೆಯಲ್ಲಿ ನಾನು ಬಾಯಿ ತೆರೆದಿದ್ದರೆ ಮಾನ ಮಾತ್ರ ಹೋಗುತ್ತಿತ್ತು. ನಾನು ತಲೆ ತಗ್ಗಿಸಿ ಕುಳಿತೆ.

ತಂಗಿ ನನಗೆ ನೆಲಬೇವಿನ ಕಷಾಯ ಕಾಯಿಸಿ ತಂದಳು. ಏಳು ತಿಂಗಳ ಹೊಟ್ಟೆ ಹೊತ್ತು ಒಲೆಯ ಮುಂದೆ ಕುಳಿತು ಕಾಯಿಸಿದ್ದು. “ಪೂರ್ತಿ ಕುಡಿ, ಕಹಿ ಅಂತ ಬಿಡಬ್ಯಾಡ. ನನ್ನ ಸಲುವಾಗಿ ಜ್ವರದಾಗ ನಡಕೋತ ಬಂದೀ,” ಎಂದು ಎದುರಿಗೇ ನಿಂತಳು. ಕಲ್ಲಿನಂತಹ ಮೈಯವನು ನಾನು, ಲೋಟ ಬರಿದು ಮಾಡಿದೆ.

ಖಾಲಿ ಗಾಡಿ ಹೊಡೆದುಕೊಂಡು ಬಂದೆ. ಮಗಳ ಗಂಡನ ಮನೆಯಲ್ಲಿ ತಾಯಿ ಬಾಣಂತನಕ್ಕೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ಸುಣ್ಣ ಬಳಿದ ಕೋಣೆಯ ಬಾಗಿಲು ಮುಂದಕ್ಕೆ ಮಾಡಿದಳು, ತುಪ್ಪವನ್ನು ಗಡಿಗೆಯಲ್ಲಿ ಕಟ್ಟಿ ನನ್ನ ಕೈಯಲ್ಲೇ ಕಳಿಸಿದಳು. ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಚಲೋ ಇದ್ದರು. ಆಣೆ ತಟ್ಟಲಿಲ್ಲವೆಂದುಕೊಂಡು ನಾನು ಮತ್ತೆ ಸರಿಯಾಗಿ ಉಣ್ಣತೊಡಗಿದೆ.

ಆದರೆ ಕೂಸಿಗೆ ಒಂದೂವರೆ ವರ್ಷವಾದರೂ ಅದು ನಡೆಯಲಿಲ್ಲ. ಗೋಡೆ ಹಿಡಿದು ನಿಲ್ಲುತ್ತಿತ್ತು, ಕೈ ಬಿಟ್ಟರೆ ಕೂರುತ್ತಿತ್ತು. ಹಬ್ಬಕ್ಕೆ ತವರಿಗೆ ಬಂದ ತಂಗಿ ಒಂದು ಸಂಜೆ ಹಿತ್ತಲಲ್ಲಿ ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದಳು. ನಾನು ಹಗ್ಗ ಹೊಸೆಯುತ್ತಿದ್ದೆ. ಅವಳು ತಲೆ ಎತ್ತದೆ ಕೇಳಿದಳು.

“ಅಣ್ಣಾ, ಆವತ್ತ ನಿನಗ ಜ್ವರ ಖರೇನ ಬಂದಿತ್ತಲ್ಲ?”

“ಯಾಕವ್ವಾ?”

“ಅತ್ತಿ ಅಂತಾರ, ಆಣಿ ಏನರ ತಟ್ಟಿರಬೇಕು ಅಂತ. ನಾ ಅಂದ್ನಿ, ನಮ್ಮಣ್ಣ ಅಂಥಾವಲ್ಲ ಅಂತ. ಆದ್ರೂ ನಿನ್ನ ಬಾಯಿಂದ ಒಮ್ಮಿ ಕೇಳೂಣು ಅನಸ್ತು.”

ಆಣೆ ಕೂಸಿನ ಕಾಲಿಗೆ ತಟ್ಟುವುದಿಲ್ಲ ಎಂದು ಸಾಲೆಯ ಮಾಸ್ತರರು ಹೇಳಿದ್ದು ನನಗೆ ಗೊತ್ತು. ಅದನ್ನು ಪೂರ್ತಿ ನಂಬಿದ್ದೆ ಎಂದು ಹೇಳಲಾರೆ. ಖರೇ ಹೇಳಿದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಆದರೆ ಹಾಗೆ ಹೇಳಿದ್ದರೆ ಆ ಕೂಸು ಎಡವಿದಾಗೊಮ್ಮೆ, ಕೆಮ್ಮಿದಾಗೊಮ್ಮೆ ಅವಳು ತನ್ನ ಬಲಗೈಯನ್ನೇ ಶಪಿಸಿಕೊಳ್ಳುತ್ತಿದ್ದಳು.

“ಬಂದಿತ್ತವ್ವಾ. ಮೈ ಸುಡತಿತ್ತು,” ಎಂದೆ.

“ಹಂಗಾರ ಸಾಕ ಬಿಡು,” ಎಂದು ಅವಳು ಇನ್ನೊಂದು ಕಾಲಿಗೆ ಎಣ್ಣೆ ಹಚ್ಚಿದಳು. ಮುಖದಲ್ಲಿ ನಿರಾಳ ಕಾಣಿಸಿತು. ಎರಡು ತಿಂಗಳಿಗೆ ಕೂಸು ನಡೆಯಿತು. ಈಗ ಓಡಾಡುತ್ತದೆ, ಮಾವನ ಮನೆಗೆ ಬಂದರೆ ನನ್ನ ಹೆಗಲಿಂದ ಇಳಿಯುವುದಿಲ್ಲ.

ಮೊದಲ ಸುಳ್ಳು ನನ್ನ ಸಲುವಾಗಿ ಹೇಳಿದ್ದು, ಅದರಲ್ಲಿ ಸಂಶಯವಿಲ್ಲ. ಎರಡನೆಯದು ಅವಳ ಸಲುವಾಗಿಯೋ, ಅದೂ ನನ್ನ ಸಲುವಾಗಿಯೋ ಎಂಬುದು ಇಷ್ಟು ವರ್ಷ ಯೋಚಿಸಿದರೂ ನನಗೆ ತಿಳಿದಿಲ್ಲ. ಮನೆಯವರ ಮುಂದೆ ಬಾಯಿ ಬಿಡಲಾರದೆ, ಮುಖ ಕಾಣದ ನಿಮ್ಮ ಮುಂದೆ ಬರೆದಿದ್ದೇನೆ. ನಂಬಿದವರಿಗೆ ನೋವಾಗಬಾರದೆಂದು ಖರೇ ಮಾತನ್ನು ಒಳಗೇ ಇಟ್ಟುಕೊಂಡವರು ನಿಮ್ಮಲ್ಲೂ ಇರಬಹುದು. ಇಟ್ಟುಕೊಂಡು ಏನಾಯಿತು, ಅಥವಾ ಹೇಳಿಬಿಟ್ಟು ಏನಾಯಿತು, ನಾಲ್ಕು ಸಾಲು ಬರೆದು ತಿಳಿಸಿರಿ. ನಿಧಾನವಾಗಿಯಾದರೂ ಕೂಡಿಸಿಕೊಂಡು ಓದುತ್ತೇನೆ.